ಭತ್ತವಿಲ್ಲದ ಆಟ

ಐವತ್ತು ದಾಟಿದ ಮನುಷ್ಯ ವಿಡಿಯೋ ಗೇಮ್ ಆಡುತ್ತಾನೆಂದರೆ ಜನ ನಗುತ್ತಾರೆ. ಅದಕ್ಕೇ ನಾನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಬಳ್ಳಾರಿಯಲ್ಲಿ ಮನೆ, ಕುರುಗೋಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ, ಉಳಿದ ಹೊತ್ತಿನಲ್ಲಿ ಟಿವಿ ಮುಂದೆ ಕೂತು ಟ್ರ್ಯಾಕ್ಟರ್ ಓಡಿಸುವುದು. ಈ ಬೇಸಾಯದ ಆಟದ ಹುಚ್ಚು ಹಿಡಿಸಿದವಳು ಸಿರುಗುಪ್ಪದ ನನ್ನ ಅಕ್ಕ ಗಂಗಮ್ಮ. ಬೆಳಿಗ್ಗೆ ನಿಜವಾದ ಗದ್ದೆಯಲ್ಲಿ ಆಳುಗಳ ಜೊತೆ ಬಗ್ಗಿ ಭತ್ತ ನಾಟಿ ಮಾಡುತ್ತಾಳೆ; ಮಧ್ಯಾಹ್ನ ಉಂಡು, ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಗೇಮ್ ಯಂತ್ರದಲ್ಲಿ ಗೋಧಿ ಬೆಳೆಯುತ್ತಾಳೆ. ದಣಿವಾಗುವುದಿಲ್ಲವೇ ಎಂದರೆ, ಅಲ್ಲಿ ಸೊಂಟ ನೋಯುವುದಿಲ್ಲ ಎನ್ನುತ್ತಾಳೆ.

ಅವಳಿಗೆ ಒಂದೇ ಕೊರಗು. ಆ ಆಟದಲ್ಲಿ ಗೋಧಿ ಇದೆ, ಮೆಕ್ಕೆಜೋಳ ಇದೆ, ದ್ರಾಕ್ಷಿಯೂ ಇದೆ. ಭತ್ತ ಮಾತ್ರ ಇಲ್ಲ. ಇದನ್ನು ಮಾಡಿದವರು ಅನ್ನ ಉಣ್ಣುವುದಿಲ್ಲವೇ ಎಂದು, ಕಂಪನಿಯ ಮಾಲೀಕ ನಾನೇ ಎಂಬಂತೆ ನನ್ನನ್ನು ಕೇಳುತ್ತಿದ್ದಳು. ಅವಳ ಪರವಾಗಿ ಕಂಪನಿಗೆ ಮೂರು ಸಲ ಇಂಗ್ಲಿಷಿನಲ್ಲಿ ಪತ್ರ ಬರೆದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಉತ್ತರವೂ ಬರಲಿಲ್ಲ.

ಹೀಗಿರುವಾಗ, ಹೊರದೇಶದಲ್ಲಿ ನಡೆಯುವ ಗೇಮ್ ಕಂಪನಿಗಳ ದೊಡ್ಡ ಮೇಳಕ್ಕೆ ಒಂದು ವಾರ ಮುಂಚೆ ಕಂಪನಿ ಒಂದು ಚಿತ್ರ ಬಿಟ್ಟಿತು. ನೀರು ನಿಂತ ಹೊಲ. ಕೆಳಗೆ, ಮೇಳದಲ್ಲಿ ಭೇಟಿಯಾಗೋಣ ಎಂಬ ಸಾಲು. ಈ ಆಟದ ಅಭಿಮಾನಿಗಳ ನಮ್ಮ ಆನ್‌ಲೈನ್ ಗುಂಪಿನಲ್ಲಿ ಹಬ್ಬವೋ ಹಬ್ಬ. ಭತ್ತ ಬಂತು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಶನಿವಾರ ಶಾಲೆ ಬಿಟ್ಟವನೇ ಸಿರುಗುಪ್ಪಕ್ಕೆ ಓಡಿ ಅಕ್ಕನ ಕೈಗೆ ಫೋನು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಮುಖ ಸಣ್ಣದಾಯಿತು.

“ಇದು ನಾಟಿ ಗದ್ದಿ ಅಲ್ಲಲೇ ವೀರೇಶ. ನಾಟಿಗೆ ಪಾದ ಮುಳುಗೋವಷ್ಟು ನೀರಿದ್ರ ಸಾಕು. ಇಲ್ಲಿ ಬದುನ ಕಾಣವಲ್ದು. ಹೊಳಿ ಬಂದು ಹೊಕ್ಕೈತಿ.”

ಅದನ್ನೇ ನಾನು ಗುಂಪಿನಲ್ಲಿ ಬರೆದೆ. ತೂಕ ಬರಲೆಂದು, ನನಗೆ ಮೂವತ್ತು ವರ್ಷದ ಭತ್ತದ ಅನುಭವವಿದೆ ಎಂದೂ ಸೇರಿಸಿದೆ. ಅನುಭವ ಅಕ್ಕನದು, ಸರ್ವನಾಮ ಮಾತ್ರ ನನ್ನದು. ಗುಂಪಿನವರು ನನ್ನ ಮೇಲೆ ಮುಗಿಬಿದ್ದರು. ಶುಭಕಾರ್ಯದಲ್ಲಿ ಅಪಶಕುನ ನುಡಿದವನನ್ನು ಹೊರಗೆ ಹಾಕಿರಿ ಎಂದವರೂ ಇದ್ದರು.

ಮೇಳದ ದಿನ ಅಕ್ಕ ಗದ್ದೆಯಿಂದ ಬೇಗ ಬಂದು, ಸ್ನಾನ ಮಾಡಿ, ಸಂಜೆ ನನ್ನ ಜೊತೆ ಮೇಳದ ನೇರಪ್ರಸಾರ ನೋಡಲು ಟಿವಿ ಮುಂದೆ ಕೂತಳು. ಒಂದು ಗಂಟೆ ಯಾರ್‍ಯಾರದೋ ಕತ್ತಿ, ಕಾರು, ಫುಟ್‌ಬಾಲ್. ಕೊನೆಗೆ ನಮ್ಮ ಕಂಪನಿಯ ಸರದಿ ಬಂತು. ನೀರು ಮಿನುಗಿತು. ಅಕ್ಕ ನನ್ನ ತೋಳು ಹಿಡಿದಳು. ಅಷ್ಟರಲ್ಲಿ ಆ ನೀರಿನಲ್ಲಿ ಒಂದು ಮನೆಯ ಚಾವಣಿ ತೇಲಿಬಂತು, ಅದರ ಹಿಂದೆ ಒಂದು ದೋಣಿ. ಅದು ಪ್ರವಾಹದಲ್ಲಿ ಸಿಕ್ಕಿದವರನ್ನು ಕಾಪಾಡುವ ಹೊಸ ಆಟವಂತೆ.

“ನಾ ಹೇಳಿದ್ದು ಸುಳ್ಳಾಗಲಿ ಅಂತ ಮುಂಜಾನಿಂದ ದೇವ್ರಿಗಿ ಬೇಡ್ಕೊಂತಿದ್ದೆ,” ಎಂದಳು ಅಕ್ಕ. ಟಿವಿ ಆರಿಸಿ, ಕಂಪನಿಗೆ ಇನ್ನೊಂದು ಪತ್ರ ಬರೆಯಲು ಹೇಳಿದಳು. “ನಾಟಿ ಹೆಂಗ ಮಾಡಾದು ಗೊತ್ತಿಲ್ಲಂದ್ರ ನಮ್ಮನಿಗೆ ಬರ್ರಿ, ಉಂಡು ಕಲತು ಹೋಗೀರಂತ, ಅಂತ ಬರಿ.” ನಾನು ಹಾಗೆಯೇ ಬರೆದೆ.

ಇತ್ತ ಗುಂಪಿನಲ್ಲಿ ನಾನು ಒಮ್ಮೆಲೇ ದೊಡ್ಡ ಮನುಷ್ಯನಾದೆ. ಬೈದವರೇ ಕ್ಷಮೆ ಕೇಳಿ, ನನ್ನ ಗದ್ದೆಯ ಫೋಟೋ ಹಾಕಬೇಕೆಂದು ದುಂಬಾಲು ಬಿದ್ದರು. ಭಾನುವಾರ ಪ್ಯಾಂಟು ಮಡಚಿ, ಕೈಯಲ್ಲಿ ಸಸಿಯ ಕಟ್ಟು ಹಿಡಿದು ಅಕ್ಕನ ಗದ್ದೆಗೆ ಇಳಿದೆ. ಮೊಣಕಾಲವರೆಗೆ ಕೆಸರಿನಲ್ಲಿ ಹೂತುಹೋದೆ. ಬದುವಿನ ಮೇಲೆ ನಿಂತು ಅಕ್ಕ ಫೋಟೋ ತೆಗೆದಳು. ಆಮೇಲೆ ಇಬ್ಬರು ಹೆಣ್ಣಾಳುಗಳು ನನ್ನನ್ನು ಎಳೆದು ಹೊರಗೆ ಹಾಕಿದರು. ಫೋಟೋ ಗುಂಪಿಗೆ ಹಾಕಿದ ಐದೇ ನಿಮಿಷಕ್ಕೆ, ಗುಂಪಿಗೆ ಆಗಷ್ಟೇ ಸೇರಿದವನೊಬ್ಬನಿಂದ ಮೊದಲ ಮೆಚ್ಚುಗೆ ಬಂತು: ಗ್ರಾಫಿಕ್ಸ್ ಅದ್ಭುತ, ಗದ್ದೆ ನಿಜವಾದದ್ದೇ ಅನ್ನಿಸುತ್ತದೆ, ನಡುವೆ ನಿಂತಿರುವ ರೈತನನ್ನು ಮಾತ್ರ ನಂಬುವ ಹಾಗಿಲ್ಲ.