ಅಜೋರ್ಸ್‌ಗೆ ಹೋಗಲು ತಕ್ಕ ತಿಂಗಳು

ಹವಾಮಾನ ಕಲಿಸಿದವರನ್ನು ಹವಾಮಾನವೇ ಪೇಚಿಗೆ ಸಿಲುಕಿಸುವುದು ಲೋಕದಲ್ಲಿ ಆಗಾಗ ನಡೆಯುತ್ತದೆ. ನಮ್ಮ ಮನೆಯಲ್ಲಿ ತುಸು ಹೆಚ್ಚಾಗಿಯೇ ನಡೆಯುತ್ತದೆ. ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನಲ್ಲಿ ವಾಯುಗುಣಶಾಸ್ತ್ರ ಬೋಧಿಸಿ ನಿವೃತ್ತಳಾದ ನಾನು ಕೊಡೆಯಿಲ್ಲದೆ ಹೊರಟ ದಿನ ನಮ್ಮ ಸ್ಟ್ಯಾನ್ಮೋರ್‌ನಲ್ಲಿ ಮಳೆ ಬಿದ್ದರೆ, ನೆರೆಯವರು ಕಿಟಕಿಯ ಬಳಿ ಬಂದು ನಿಲ್ಲುತ್ತಾರೆ.

೧. ಒತ್ತಡ

ನನಗೆ ಅರವತ್ತು ತುಂಬಲಿತ್ತು. ಗ್ರೀನ್‌ಫರ್ಡ್‌ನ ಒಂದು ಸಭಾಂಗಣದಲ್ಲಿ ಹಾರ, ಭಾಷಣ, ಜಿಲೇಬಿಗಳೊಂದಿಗೆ ಸಮಾರಂಭ ನಡೆಸಬೇಕೆಂಬುದು ಪತಿಯ ಆಸೆ. ಅವರು ಧಾರವಾಡದವರು, ನಿವೃತ್ತ ಜಿ.ಪಿ., ಅಂದರೆ ಬಡಾವಣೆಯ ವೈದ್ಯರು; ಜನ ಸೇರಿದಷ್ಟೂ ಅವರ ಆರೋಗ್ಯ ಸುಧಾರಿಸುತ್ತದೆ. ನಾನು ಮೈಸೂರಿನವಳು; ವೇದಿಕೆಯ ಮೇಲೆ ಕುಳಿತು ಗುಣಗಾನ ಕೇಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ಮೇಲೆಂದು ತಿಳಿದವಳು. ನನ್ನ ಆಸೆ ಬೇರೆ. ಅಟ್ಲಾಂಟಿಕ್ ಸಾಗರದ ನಡುವೆ, ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ಎಂಬ ದ್ವೀಪಗಳಿವೆ. ವೃತ್ತಿಜೀವನವಿಡೀ ಅವುಗಳನ್ನು ಬೋರ್ಡಿನ ಮೇಲೆ ಚುಕ್ಕೆಗಳಾಗಿ ಬಿಡಿಸಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

"ಲಂಡನ್ನಿನ ಒಳ್ಳೆಯ ಬೇಸಿಗೆಗೆ ಆ ದ್ವೀಪಗಳೇ ಕಾರಣ," ಎಂದೆ, ತಿಂಡಿಯ ಹೊತ್ತಿನಲ್ಲಿ. "ಅಲ್ಲಿ ಅಧಿಕ ಒತ್ತಡ ಇರುತ್ತದೆ."

ಪತಿ ಪತ್ರಿಕೆ ಕೆಳಗಿಟ್ಟರು. "ಅಧಿಕ ಒತ್ತಡ? ಯಾವಾಗಿಂದ?"

"ಯಾವಾಗಲೂ ಇದೆ. ಬೇಸಿಗೆಯಲ್ಲಿ ಇನ್ನಷ್ಟು ಏರುತ್ತದೆ."

"ಮೊದಲ ಉಪ್ಪು ಕಡಿಮಿ ಮಾಡ್ಲಿಕ್ಕೆ ಹೇಳು."

"ಸಮುದ್ರದ ನಡುವೆ ಇವೆ," ಎಂದೆ.

"ಹಂಗಾರ ಭಾಳ ಕಷ್ಟ ಅದ."

೨. ಪಂಥ

"ಅಲ್ಲಿ ಚಳಿಗಾಲವೂ ಕೊರೆಯುವುದಿಲ್ಲ, ಬೇಸಿಗೆಯೂ ಸುಡುವುದಿಲ್ಲ," ಎಂದು ವಿವರಿಸಿದೆ.

"ಹೆಸರಿನಾಗs ಅದ ನೋಡು," ಎಂದರು ಪತಿ. "ಅ-ಜೋರು. ಯಾವುದೂ ಜೋರಿಲ್ಲ."

ವಿವರಣೆ ತಪ್ಪು, ವಿಷಯ ಸರಿ. ಅಂಥ ಉತ್ತರಕ್ಕೆ ನಾನು ಅರ್ಧ ಅಂಕ ಕೊಡುತ್ತಿದ್ದೆ. ಮಳೆ ಚಳಿಗಾಲದಲ್ಲಿ ಹೆಚ್ಚೆಂದೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವ ಕಾಲವೆಂದೂ, ಅದರಲ್ಲೂ ಜುಲೈ ಉತ್ತಮವೆಂದೂ ಹೇಳಿದೆ. ಒಂದು ದ್ವೀಪದಲ್ಲಿ ಸಮುದ್ರದಿಂದ ನೇರವಾಗಿ ಎದ್ದು ನಿಂತ ಜ್ವಾಲಾಮುಖಿ ಪರ್ವತವಿದೆ. ಅದನ್ನು ತುದಿಯವರೆಗೆ ನೋಡಬೇಕು.

"ಮೋಡ ಮುಚ್ಚಿದ್ರ?"

"ಜುಲೈನಲ್ಲಿ ಮುಚ್ಚುವುದಿಲ್ಲ."

"ಪಂಥ ಕಟ್ತೀ? ನಿನಗ ಆ ಗುಡ್ಡ ಕಂಡ್ರ ಗ್ರೀನ್‌ಫರ್ಡ್ ಸುದ್ದೀನ ಎತ್ತೂದಿಲ್ಲ. ನಿನಗ ಕಾಣ್ಲಿಲ್ಲಂದ್ರ ಸುಮ್ಮನ ಹಾರಕ್ಕ ಕೊರಳು ಕೊಡಬೇಕು."

ವ್ಯಾಕರಣದಲ್ಲಿ ದೋಷ ಕಾಣಲಿಲ್ಲ. ಒಪ್ಪಿದೆ.

೩. ನಾಲ್ಕು ಋತು

ಜುಲೈನಲ್ಲಿ ಆ ಪರ್ವತದ ದ್ವೀಪದಲ್ಲಿ ಇಳಿದಾಗ ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬರುತ್ತಿತ್ತು. ಮರುದಿನ ಬೆಳಿಗ್ಗೆ ಸ್ವೆಟರ್, ಕಾಫಿಯ ಹೊತ್ತಿಗೆ ಬಿಸಿಲಿನ ಟೋಪಿ, ಊಟದ ಹೊತ್ತಿಗೆ ಕೊಡೆ, ಸಂಜೆಗೆ ಮತ್ತೆ ಸ್ವೆಟರ್. ಒಂದೇ ದಿನದಲ್ಲಿ ನಾಲ್ಕು ಋತುಗಳು ಬಂದುಹೋಗುವುದು ಆ ದ್ವೀಪಗಳ ಖ್ಯಾತ ಲಕ್ಷಣ ಎಂದೆ.

"ಇಲ್ಲಿ ಹಬ್ಬ ಮಾಡೂದು ಕಷ್ಟ," ಎಂದರು ಪತಿ, ಮಂಕಿ ಕ್ಯಾಪಿನೊಳಗಿಂದ. "ಯುಗಾದಿ ಬೇವು ತಿಂದು ಬಾಯಿ ತೊಳಿಯೂದ್ರಾಗ ದೀಪಾವಳಿ ಬಂದಿರ್ತದ."

ಪರ್ವತ ಎಲ್ಲಿ ಎಂದು ವಸತಿಗೃಹದ ಯಜಮಾನಿಯನ್ನು ಕೇಳಿದೆ. ಆಕೆ ಕಿಟಕಿ ತೆರೆದು, ಎದುರಿನ ದಟ್ಟ ಬಿಳುಪನ್ನು ತೋರಿಸಿ, "ಇದೇ," ಎಂದಳು.

ಪತಿ ಆ ಬಿಳುಪಿಗೆ ಕೈಮುಗಿದರು.

೪. ಹವಾ

ನಮ್ಮ ಗಿಡಗಳಿಗೆ ನೀರು ಹಾಕುವ ಹೊಣೆ ಪಕ್ಕದ ಮನೆಯ ಹುಡುಗಿಯದು. ಬೆಂಗಳೂರಿನವಳು, ಸಾಫ್ಟ್‌ವೇರ್ ಇಂಜಿನಿಯರು. ಮೂರು ದಿನ ಮೋಡವನ್ನೇ ನೋಡಿ ಬೇಸತ್ತ ಪತಿ ಅವಳಿಗೆ ಫೋನು ಮಾಡಿ, ನನಗೂ ಕೇಳಿಸುವಂತೆ ಸ್ಪೀಕರ್ ಹಾಕಿದರು.

"ಅಲ್ಲಿ ಹವಾ ಹೆಂಗದವಾ?"

ಬೆಂಗಳೂರಿನ ಇಂದಿನ ಮಾತಿನಲ್ಲಿ ಹವಾ ಎಂದರೆ ದರ್ಬಾರು. "ನೀವಿಲ್ದೆ ಈ ರೋಡಲ್ಲಿ ಯಾರ್ ಹವಾನೂ ಇಲ್ಲ ಅಂಕಲ್," ಎಂದಳು.

"ಅದಲ್ಲವಾ. ಮಳಿ, ಬಿಸಲು."

"ಓ, ವೆದರಾ? ಸೂಪರ್. ಒಂದು ಚೂರು ಮೋಡ ಇಲ್ಲ, ನಿಮ್ಮ ಡೆಕ್‌ಚೇರಲ್ಲೇ ಕೂತಿದೀನಿ. ಅಜೋರ್ಸ್‌ನಿಂದ ಬಂದಿರೋ ಹೈ ಪ್ರೆಶರ್ ಅಂತೆ, ಟಿವಿಲಿ ಹೇಳಿದ್ರು." ಆಮೇಲೆ ಕೃತಜ್ಞತೆಯಿಂದ ಕೇಳಿದಳು: "ನೀವೇ ಕಳಿಸಿದ್ರಾ ಆಂಟಿ?"

೫. ಹಾರ

ಕೊನೆಯ ರಾತ್ರಿ ಮೋಡ ಸರಿಯಬಹುದೆಂದು ಬಹಳ ಹೊತ್ತು ಕಾದು ಮಲಗಿದವಳು, ಬೆಳಿಗ್ಗೆ ತಡವಾಗಿ ಎದ್ದೆ. ಪತಿ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ, ಅಕಾರಣವಾಗಿ ಪ್ರಸನ್ನರಾಗಿದ್ದರು.

"ಪರ್ವತ?" ಎಂದೆ.

"ನೀನs ನೋಡು," ಎಂದರು. ನೋಡಿದೆ. ಅದೇ ಬಿಳುಪು.

ಆಗಸ್ಟ್‌ನಲ್ಲಿ ಗ್ರೀನ್‌ಫರ್ಡ್‌ನ ವೇದಿಕೆಯ ಮೇಲೆ, ರೇಷ್ಮೆ ಸೀರೆಯುಟ್ಟು, ಕೊಟ್ಟ ಮಾತಿಗೆ ತಪ್ಪದೆ ಕುಳಿತೆ. ಪಕ್ಕದ ಮನೆಯ ಹುಡುಗಿ ನನ್ನ ಬೆನ್ನ ಹಿಂದಿನ ಪರದೆ ಸರಿಸಿದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ತಿರುಗಿ ನೋಡಿದೆ.

ಗೋಡೆಯಷ್ಟಗಲದ ಬ್ಯಾನರು. ನೀಲಿ ಆಕಾಶ, ಬುಡದಿಂದ ತುದಿಯವರೆಗೆ, ಒಂದೆಳೆ ಮೋಡವೂ ಇಲ್ಲದ ಪರ್ವತ. ಮೂಲೆಯಲ್ಲಿ ಮಂಕಿ ಕ್ಯಾಪು ತೊಟ್ಟು, ಚಹಾದ ಕಪ್ಪು ಎತ್ತಿ ಹಿಡಿದ ನನ್ನ ಪತಿ.

"ನಿಮಗೆ ಕಂಡಿತ್ತೇ?" ಎಂದೆ, ತುಟಿ ಅಲುಗಿಸದೆ.

"ನನಗ ಕಂಡಿತ್ತು. ಪಂಥ ಇದ್ದದ್ದು ನಿನಗ ಕಾಣೂದರ ಮ್ಯಾಲೆ."

"ಎಬ್ಬಿಸಬಹುದಿತ್ತು."

"ಎಬ್ಬಿಸಿದ್ದೆ," ಎಂದರು, ಹಾರವನ್ನು ಎರಡೂ ಕೈಗಳಲ್ಲಿ ಎತ್ತುತ್ತ. "'ಜುಲೈನಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನಿರಿ' ಅಂತ ಪಾಠ ಹೇಳಿ, ಹೊಳ್ಳಿ ಮಲಕೊಂಡಿ."

ಕೊರಳು ಬಗ್ಗಿಸಿದೆ. ಹಾರ ಮಾತ್ರ ಜೋರಾಗಿಯೇ ಇತ್ತು.