ಕರೆಂಟ್ ಹೋತು

ಒಬ್ಬ ಮನುಷ್ಯ ಒಳಗೆ ಕಾಲಿಟ್ಟ ಕೂಡಲೇ ಅಲ್ಲಿದ್ದವರೆಲ್ಲ ಸುಮ್ಮನಾಗಬೇಕಾದರೆ ಎರಡೇ ಕಾರಣ. ಒಂದೋ ಅವನು ಪೊಲೀಸನಾಗಿರಬೇಕು, ಇಲ್ಲವೇ ಅಲ್ಲಿಯವರೆಗೆ ಅವನ ವಿಷಯವೇ ನಡೆದಿರಬೇಕು. ನಾನು ಪೊಲೀಸನಲ್ಲ. ಗಂಗಾವತಿಯಲ್ಲಿ ರೈಸ್‌ಮಿಲ್ಲುಗಳಿಗೆ ಬೇಕಾಗುವ ಬೆಲ್ಟು, ಬೇರಿಂಗು, ರಬ್ಬರ್ ರೋಲು, ಜರಡಿ ಮಾರುವ ಒಂದು ಸಣ್ಣ ಅಂಗಡಿಯ ಮಾಲೀಕ. ನಮ್ಮ ಊರಿನಲ್ಲಿ ಅಂಗಡಿಗೊಂದು ಬೋರ್ಡು ಹಾಕಿದವನು ಸಾವ್ಕಾರನಾಗುತ್ತಾನೆ. ಸಾವ್ಕಾರನಾದ ದಿನವೇ ಅವನ ಹೆಸರು ಕಳೆದುಹೋಗುತ್ತದೆ. ಗಿರಾಕಿಗಳಿಗೆ ನಾನು ಸಾವ್ಕಾರ್ರು, ಬ್ಯಾಂಕಿನವರಿಗೆ ಸರ್, ಹೆಂಡತಿಗೆ ಬರೀ 'ರೀ'. ನನ್ನನ್ನು 'ಏ ಶರಣ್ಯಾ' ಎಂದು ಕರೆಯುತ್ತಿದ್ದವಳು ನಮ್ಮವ್ವ ಒಬ್ಬಳೇ. ಅವಳು ಹೋದ ಮೇಲೆ ಶರಣ್ಯಾನೂ ಅವಳ ಹಿಂದೆಯೇ ಹೋಗಿಬಿಟ್ಟ.

ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಮೂವರು. ಕೌಂಟರಿನಲ್ಲಿ ಖಾಜಾಸಾಬ್, ನಮ್ಮಪ್ಪನ ಕಾಲದಿಂದಲೂ ಇದ್ದವರು. ಊರಿನ ಯಾವ ಮಿಲ್ ಮಾಲೀಕನ ದನಿಯನ್ನಾದರೂ ತೆಗೆದು ಅವನನ್ನೇ ಕಣ್ಣೆದುರು ನಿಲ್ಲಿಸುತ್ತಾರೆ ಎಂದು ಖ್ಯಾತಿ. ಬಿಲ್ ಮಾಡಲು ಮಂಜುಳಾ, ಸಿದ್ದಾಪುರದಿಂದ ದಿನಾ ಬಸ್ಸಿಗೆ ಬರುವ ಹೆಣ್ಣುಮಗಳು. ನಗಲು ಶುರುಮಾಡಿದರೆ ಬಿಕ್ಕಳಿಕೆ ಹತ್ತುವ ತನಕ ನಿಲ್ಲಿಸಲಾರಳು. ಮಿಲ್ಲುಗಳಿಗೆ ಮಾಲು ಮುಟ್ಟಿಸಿ ಬರುವವನು ಈರಣ್ಣ, ಎರಡು ಮಕ್ಕಳ ತಂದೆ, ಯಾರು ಏನು ಹೇಳಿದರೂ ನಂಬುವವನು. ಸಂಜೆ ಗಿರಾಕಿ ಕಡಿಮೆಯಾದಾಗ ಈ ಮೂವರೂ ಹಿಂದಿನ ಗೋಡೌನಿನಲ್ಲಿ ಸೇರಿ, ಪೇಪರಿನ ಮೇಲೆ ಒಗ್ಗರಣಿ ಮಂಡಾಳು, ಅಂದರೆ ಮಂಡಕ್ಕಿ, ಸುರಿದುಕೊಂಡು, ಮಿರ್ಚಿ ಭಜಿ ಕಡಿಯುತ್ತ ನಗುತ್ತಾರೆ. ನನ್ನ ಪಾಲಿನ ಮಿರ್ಚಿ ಕ್ಯಾಬಿನ್ನಿಗೆ ಬರುತ್ತದೆ, ಪ್ಲೇಟಿನಲ್ಲಿ, ಸ್ಪೂನಿನ ಜೊತೆ. ಮಿರ್ಚಿಯನ್ನು ಸ್ಪೂನಿನಿಂದ ತಿನ್ನುವುದು ಹೇಗೆಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಆದರೂ ಮರ್ಯಾದೆಗಾಗಿ ಸ್ಪೂನು ಬರುತ್ತದೆ, ಮರ್ಯಾದೆಗಾಗಿ ನಾನು ಅದನ್ನು ಒರೆಸಿ ಪಕ್ಕಕ್ಕಿಡುತ್ತೇನೆ.

ಕ್ಯಾಬಿನ್ನಿನಲ್ಲಿ ಕುಳಿತರೆ ಗೋಡೌನಿನ ನಗು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ತಡೆಯಲಾರದೆ ಎದ್ದು, ಏನೋ ಕೆಲಸವಿದ್ದವನಂತೆ ಆ ಕಡೆ ಹೊರಡುತ್ತೇನೆ. ನನ್ನ ಚಪ್ಪಲಿಯ ಸಪ್ಪಳವಾಗುತ್ತಲೇ ಒಳಗಿನಿಂದ ಯಾರಾದರೊಬ್ಬರು "ಕರೆಂಟ್ ಹೋತು" ಎನ್ನುತ್ತಾರೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಖಾಜಾಸಾಬ್ ಬೇರಿಂಗಿನ ಡಬ್ಬಿ ಜೋಡಿಸುತ್ತಿರುತ್ತಾರೆ, ಈರಣ್ಣ ಬೆಲ್ಟು ಸುತ್ತುತ್ತಿರುತ್ತಾನೆ, ಮಂಜುಳಾ ಬಿಕ್ಕಳಿಕೆಗೆ ನೀರು ಕುಡಿಯುತ್ತಿರುತ್ತಾಳೆ. ನಾನೂ ಎರಡು ಬೆಲ್ಟು ಎಣಿಸಿದಂತೆ ಮಾಡಿ ವಾಪಸು ಬರುತ್ತೇನೆ.

ಹೀಗಿರುವಾಗ ನಮ್ಮ ವ್ಯಾಪಾರಸ್ಥರೆಲ್ಲ ಸೇರಿ ಹುಬ್ಬಳ್ಳಿಯಿಂದ ಒಬ್ಬ ಭಾಷಣಕಾರನನ್ನು ಕರೆಸಿದರು. ಬಿಸಿಲಿನಲ್ಲೂ ಕೋಟು ಬಿಚ್ಚದ ಮನುಷ್ಯ. "ನಿಮ್ಮ ಕೆಲಸಗಾರರು ನಕ್ಕರೆ ನಿಮ್ಮ ವ್ಯಾಪಾರ ನಗುತ್ತದೆ! ಕೆಲಸದ ಜಾಗವನ್ನು ಆಟದ ಜಾಗ ಮಾಡಿ!" ಎಂದು ಕೂಗಿ, ದಪ್ಪ ದಪ್ಪ ಮಿಲ್ ಮಾಲೀಕರನ್ನೆಲ್ಲ ಎಬ್ಬಿಸಿ ತಲೆಯ ಮೇಲೆ ಚಪ್ಪಾಳೆ ತಟ್ಟಿಸಿದ. ಕೊನೆಗೆ ಪಕ್ಕದವರನ್ನು ಅಪ್ಪಿಕೊಳ್ಳಿ ಎಂದ. ನನ್ನ ಪಕ್ಕದಲ್ಲಿದ್ದವನು ಎದುರು ಸಾಲಿನ ಅಂಗಡಿಯವನು, ನನ್ನದೇ ಮಾಲು ಮಾರುವವನು. ಹೊಟ್ಟೆಗೆ ಹೊಟ್ಟೆ ತಾಗುವಂತೆ ಅಪ್ಪಿಕೊಂಡೆವು. ಅಪ್ಪಿಕೊಂಡ ಹಾಗೆಯೇ ಅವನು ನನ್ನ ಕಿವಿಯಲ್ಲಿ, "ರಬ್ಬರ್ ರೋಲ್ ನಿಮಗ ಎಷ್ಟಕ್ಕ ಬೀಳ್ತಾವ್ರಿ?" ಎಂದು ಕೇಳಿದ. ಆದರೂ ಸುಳ್ಳೇಕೆ ಹೇಳಲಿ, ನನಗೆ ಆ ಅಪ್ಪುಗೆ ಹಿತವಾಗಿತ್ತು. ಮನುಷ್ಯರ ಕೈ ಮೈಮೇಲೆ ಬಿದ್ದು ಬಹಳ ದಿನವಾಗಿತ್ತು.

ಮರುದಿನದಿಂದಲೇ ನಮ್ಮ ಅಂಗಡಿಯನ್ನು ಆಟದ ಜಾಗ ಮಾಡಲು ಹೊರಟೆ. ಮೊದಲು ಒಂದು ಜೋಕು ಹೇಳಿದೆ. ಅದು ಮುಗಿಯುವ ಮೊದಲೇ ಮೂವರೂ ನಕ್ಕರು. "ಇನ್ನೂ ಐತ್ರಿ" ಎಂದೆ. ಗಂಭೀರರಾದರು. ಮುಗಿಸಿದೆ. ಯಾರೂ ನಗಲಿಲ್ಲ. ಖಾಜಾಸಾಬ್ ವಿನಯದಿಂದ, "ಈಗ ಮುಗೀತೇನ್ರಿ?" ಎಂದು ಕೇಳಿ, ಮುಗಿದದ್ದು ಖಾತ್ರಿಯಾದ ಮೇಲೆ ಇನ್ನೊಮ್ಮೆ ನಕ್ಕರು.

ಜೋಕು ಬೇಡವೆಂದು ಶನಿವಾರ ಕುರ್ಚಿ ಆಟ ಇಟ್ಟೆ. ನಾವು ನಾಲ್ವರು, ನಡುವೆ ಮೂರು ಕುರ್ಚಿ. ಮೊಬೈಲಿನಲ್ಲಿ ಹಾಡು ಹಚ್ಚಿ, ನಿಲ್ಲಿಸಲು ಪಕ್ಕದ ಅಂಗಡಿಯವರನ್ನು ಕೂರಿಸಿದೆ. "ಎಲ್ಲಾರೂ ಖುಷಿಯಿಂದ ಓಡ್ರಿ!" ಎಂದು ನಾನೇ ಮುಂದೆ ಓಡಿದೆ. ಹಾಡು ನಿಂತಿತು. ಮೂವರೂ ನಿಂತಲ್ಲೇ ನಿಂತರು. "ಕುಂದ್ರ್ರೀ ಸಾವ್ಕಾರ್ರ" ಎಂದರು ಖಾಜಾಸಾಬ್, ಕುರ್ಚಿಯ ಧೂಳನ್ನು ಟವೆಲ್ಲಿನಿಂದ ಹೊಡೆಯುತ್ತ. ನಾನು ಕುಳಿತ ಮೇಲೆ ಉಳಿದವರು ನೀನು ಕೂರು, ನೀನು ಕೂರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ನಿಂತರು. ಹೀಗೆ ಪ್ರತಿ ಸುತ್ತಿನಲ್ಲೂ ನಾನೇ ಗೆದ್ದೆ. ಬಹುಮಾನಕ್ಕೆಂದು ಒಂದು ಸ್ಟೀಲ್ ಡಬ್ಬಿ ಕೊಂಡು ತಂದಿದ್ದೆ. ಈರಣ್ಣ ಅದನ್ನು ಎರಡೂ ಕೈಯಿಂದ ನನಗೆ ಕೊಟ್ಟ, ಉಳಿದವರು ಚಪ್ಪಾಳೆ ತಟ್ಟಿದರು. ಈಗ ನಾನು ಮಧ್ಯಾಹ್ನ ಅದರಲ್ಲೇ ಉಣ್ಣುತ್ತೇನೆ.

ಇಷ್ಟಾದ ಮೇಲೆ ಕುಳಿತು ವಿಚಾರ ಮಾಡಿದೆ. ಇವರಿಗೆ ಖುಷಿಪಡಲು ಬರುವುದಿಲ್ಲ ಎನ್ನುವಂತಿಲ್ಲ. ಗೋಡೌನಿನಲ್ಲಿ ಅಷ್ಟು ನಗುತ್ತಾರೆ. ಆದರೆ ನಗು ರಂಗೇರುವ ಹೊತ್ತಿಗೆ ಪ್ರತಿ ಸಲವೂ ಕರೆಂಟ್ ಹೋಗುತ್ತದೆ, ನಾನು ಬಾಗಿಲಿಗೆ ಬರುವಷ್ಟರಲ್ಲಿ ಬಂದಿರುತ್ತದೆ ಅಷ್ಟೇ, ಪಾಪ! ಕತ್ತಲಲ್ಲಿ, ಸೆಕೆಯಲ್ಲಿ ಯಾರು ನಗುತ್ತಾರೆ? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯದೆ ಕುರ್ಚಿ ಸುತ್ತ ಓಡಿದೆನಲ್ಲ ಎಂದು ನಾಚಿಕೆಯಾಯಿತು. ಮರುವಾರವೇ ಒಂದು ಇನ್ವರ್ಟರ್ ತಂದು ಗೋಡೌನಿನ ಮೂಲೆಯಲ್ಲಿ ಕೂರಿಸಿ, ಕುಂಕುಮ ಹಚ್ಚಿ, ಕಾಯಿ ಒಡೆಸಿದೆ. "ಇನ್ನ ಮ್ಯಾಲೆ ನಿಮ್ಮ ಖುಷಿಗೆ ಕರೆಂಟ್ ಅಡ್ಡ ಬರೂದಿಲ್ಲ" ಎಂದು ಸಣ್ಣ ಭಾಷಣವನ್ನೂ ಮಾಡಿದೆ. ಖಾಜಾಸಾಬ್ ಛಾವಣಿ ನೋಡಿದರು. ಮಂಜುಳಾ ಓಡಿಹೋಗಿ ನೀರು ಕುಡಿದಳು. ಅಂದು ಸಂಜೆ ನಗು ಕೇಳಿ ಹೆಮ್ಮೆಯಿಂದ ಎದ್ದು ಹೋದೆ. ಟ್ಯೂಬ್‌ಲೈಟ್ ಝಗಝಗ ಉರಿಯುತ್ತಿತ್ತು. ಒಳಗಿನಿಂದ ಈರಣ್ಣನ ದನಿ: "ಕರೆಂಟ್ ಹೋತು!"

ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿದೆ. ಶಾಂತಾ ಕುಷ್ಟಗಿ ತಾಲೂಕಿನ ಒಂದು ಸಾಲಿಯಲ್ಲಿ ಹೆಡ್‌ಮೇಡಂ. ಅಲ್ಲೇ ಒಂದು ಖೋಲಿ ಹಿಡಿದಿದ್ದಾಳೆ, ಶನಿವಾರ ಬಂದು ಸೋಮವಾರ ಮುಂಜಾನೆ ಹೋಗುತ್ತಾಳೆ. ಇನ್ವರ್ಟರ್ ಕಂಪನಿಯವನು ಮೋಸ ಮಾಡಿದನೆಂದು ಅವಳ ಮುಂದೆ ಗೋಳಾಡಿದೆ.

"ಅಲ್ರೀ, ಕರೆಂಟ್ ಹೋತು ಅಂದಾಗ ಫ್ಯಾನ್ ನಿಂತಿತ್ತೋ ತಿರಗತಿತ್ತೋ?" ಎಂದು ಕೇಳಿದಳು.

"ತಿರಗತಿತ್ತು. ಲೈಟೂ ಇತ್ತು."

"ಮತ್ತ ಹೋದದ್ದೇನು?"

"ಅದs ತಿಳಿವಲ್ದು."

"ಹೋದದ್ದು ಬಿಡ್ರಿ. ಆಗ ಬಂದದ್ದು ಯಾರು?"

"ನಾನು."

ಆಗ ಅವಳು ನಕ್ಕಳು ನೋಡಿ, ಮದುವೆಯಾದ ಹೊಸದರಲ್ಲಿ ಕೂಡ ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ. ನಕ್ಕು ಮುಗಿಸಿ ಹೇಳಿದಳು: "ಬ್ಯಾಸರ ಮಾಡಿಕೋಬ್ಯಾಡ್ರಿ. ನನಗ ನಮ್ಮ ಸಾಲ್ಯಾಗ ಮ್ವಾಡ ಅಂತಾರ. ನಾ ಸ್ಟಾಫ್ ರೂಮಿನ ಕಡೆ ಹೊಂಟೆ ಅಂದ್ರ, 'ಮ್ವಾಡ ಆಗೇತಿ, ಬಟ್ಟಿ ಒಳಗ ತಗೊಳ್ರಿ' ಅಂತಾರ. ಎಷ್ಟೋ ದಿನ ನಾನೂ ಹೊರಗ ಬಂದು ಮುಗಿಲು ನೋಡೀನಿ."

"ಮತ್ತ ಈಗ ಏನ್ ಮಾಡ್ತೀ?"

"ಏನ್ ಮಾಡೂದು, ನನ್ನ ರೂಮಿನ್ಯಾಗ ಕುಂತು ಡಬ್ಬಿ ಬಿಚ್ಚಿ ಉಣ್ತೀನಿ."

ಕರೆಂಟೂ ಮೋಡವೂ ಬೇರೆ ಬೇರೆ ತಾಲೂಕಿನಲ್ಲಿ ಒಬ್ಬೊಬ್ಬರೇ ಕುಳಿತು ಉಣ್ಣುವ ಸಂಸಾರ ನಮ್ಮದು. ಅಂದು ನನಗೆ ನಿಜವಾಗಿ ದುಃಖವಾಯಿತು. ಸಿಟ್ಟಲ್ಲ, ಯಾರ ಮೇಲೆ ಸಿಟ್ಟಾಗಲಿ? ಖಾಜಾಸಾಬರನ್ನು ಗದರಿಸಿದರೆ 'ಕರೆಂಟ್' ಎನ್ನುವುದನ್ನು ಬಿಡುತ್ತಾರೆ, ಅದರ ಜೊತೆ ನಗುವುದನ್ನೂ ಬಿಡುತ್ತಾರೆ. ಆ ನಗುವೂ ಇಲ್ಲದ ಅಂಗಡಿಯಲ್ಲಿ ನಾನು ಏನು ಮಾಡಲಿ? ಅದಕ್ಕೇ ಏನೂ ತಿಳಿಯದವನಂತೆ ಉಳಿದೆ. ಗೋಡೌನಿಗೆ ಹೋಗಬೇಕಾದಾಗ ದೂರದಿಂದಲೇ ಎರಡು ಸಲ ಕೆಮ್ಮುತ್ತಿದ್ದೆ. ಕರೆಂಟಾದವನು ಹೋಗುವುದೇ ಆದರೆ ಹೇಳಿ ಹೋಗಬೇಕು.

ಮಳೆಗಾಲದ ಒಂದು ಸಂಜೆ, ಮೋಡ ಕವಿದು ಬೇಗನೆ ಕತ್ತಲಾಗಿತ್ತು. ಈರಣ್ಣ ಒಂದು ಮಿಲ್ಲಿಗೆ ಬೆಲ್ಟು ಕೊಡಲು ಹೋಗಿದ್ದ. ಖಾಜಾಸಾಬ್ ಮತ್ತು ಮಂಜುಳಾ ಮಿರ್ಚಿ ತರಿಸಿಕೊಂಡು ಒಳಗೆ ಕುಳಿತಿದ್ದರು. ಆಗ ಕರೆಂಟ್ ಹೋಯಿತು. ನಾನು ಎಲ್ಲಿಗೂ ಹೋಗಿರಲಿಲ್ಲ, ಕುರ್ಚಿಯಲ್ಲೇ ಇದ್ದೆ. ನಿಜವಾದ ಕರೆಂಟೇ ಹೋಯಿತು. ಇನ್ವರ್ಟರ್ ಎರಡು ಸಲ ಕುಂಯ್ ಎಂದು ಸುಮ್ಮನಾಯಿತು. ಬ್ಯಾಟರಿಗೆ ಆಗಾಗ ನೀರು ಹಾಕಬೇಕೆಂದು ಅದನ್ನು ಮಾರಿದವನು ಹೇಳಿದ್ದ. ಈರಣ್ಣ ಹಾಕುತ್ತಾನೆಂದು ನಾನು, ಸಾವ್ಕಾರ್ರು ಹಾಕುತ್ತಾರೆಂದು ಈರಣ್ಣ, ಇಬ್ಬರೂ ಬಿಟ್ಟಿದ್ದೆವು. ನನ್ನ ಮೊಬೈಲು ಚಾರ್ಜಿಲ್ಲದೆ ಸತ್ತಿತ್ತು. ಇನ್ವರ್ಟರಿಗೆ ಏನಾಯಿತೆಂದು ನೋಡಲು, ಚಪ್ಪಲಿಯೂ ಕಾಲಿಗೆ ಸಿಗದೆ, ಬರಿಗಾಲಿನಲ್ಲಿ ಗೋಡೆ ಹಿಡಿದು ಗೋಡೌನಿಗೆ ಹೋದೆ. ಕೆಮ್ಮುವುದನ್ನು ಮರೆತೆ.

"ಬಂದೇನೋ ಈರ್ಯಾ? ಬಾ, ಕುಂದ್ರು. ಮಿರ್ಚಿ ಆರಾಕತ್ತಾವ" ಎಂದಿತು ಕತ್ತಲಲ್ಲಿ ಖಾಜಾಸಾಬರ ದನಿ.

"ಹ್ಞೂಂ" ಎಂದೆ. ಅದೊಂದು ಅಕ್ಷರ ಎಲ್ಲರ ಬಾಯಲ್ಲೂ ಒಂದೇ ತರಹ ಕೇಳಿಸುತ್ತದೆ, ದೇವರು ದೊಡ್ಡವನು. ಬೆಲ್ಟಿನ ಸುರುಳಿಯೊಂದು ಕಾಲಿಗೆ ತಾಗಿತು, ಅದರ ಮೇಲೆ ಕುಳಿತೆ. ಪೇಪರಿನ ಮೇಲೆ ಕೈ ಆಡಿಸಿ ಒಂದು ಮಿರ್ಚಿ ಎತ್ತಿದೆ. ಇನ್ನೊಂದಕ್ಕೆ ಕೈ ಹಾಕಿದಾಗ ಪಟ್ಟನೆ ಒಂದು ಏಟು ಬಿತ್ತು. "ಏ ಮಂಗ್ಯಾ! ಮಂಜವ್ವಗ ಒಂದರ ಉಳಸೋ!" ಎಂದರು ಖಾಜಾಸಾಬ್. ಕೈ ಚುರುಗುಟ್ಟಿತು. ಕಣ್ಣಲ್ಲಿ ನೀರು ಬಂತು. ಮಿರ್ಚಿ ಖಾರವಾಗಿತ್ತು ಎಂದು ಬೇಕಾದರೆ ತಿಳಿದುಕೊಳ್ಳಿ. ಅವ್ವ ಹೋದ ಮೇಲೆ ನನ್ನನ್ನು ಯಾರೂ 'ಏ' ಎಂದಿರಲಿಲ್ಲ.

"ಮುಂದ ಹೇಳ್ರಿ ಚಾಚಾ" ಎಂದಳು ಮಂಜುಳಾ. ಖಾಜಾಸಾಬ್ ಗಂಟಲು ಸರಿಮಾಡಿಕೊಂಡರು. ಆಮೇಲೆ ಆ ಕತ್ತಲಲ್ಲಿ ನನ್ನ ದನಿ ಕೇಳಿಸಿತು. "ಎಲ್ಲಾರೂ ಖುಷಿಯಿಂದ ಓಡ್ರಿ! ಖಾಜಾಸಾಬ್, ನಿಮ್ಮ ಖುಷಿ ಎಲ್ಲೈತಿ? ಬಿಲ್ ಮಾಡಿ ಕಳಿಸಿಬಿಟ್ರೇನು?" ಆ ಏದುಸಿರು, ಮಾತಿನ ನಡುವೆ ಮೂಗು ಎಳೆಯುವುದು, ಎಲ್ಲ ನನ್ನದೇ. ಮಂಜುಳಾಗೆ ಬಿಕ್ಕಳಿಕೆ ಹತ್ತಿತು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ, ಹೊಟ್ಟೆ ಹಿಡಿದು ನಕ್ಕೆ. ಹುಬ್ಬಳ್ಳಿಯವನು ಹೇಳಿದ ಆಟದ ಜಾಗ ಇದೇ ಇರಬೇಕು. ನನ್ನ ಅಂಗಡಿಯಲ್ಲೇ ಇತ್ತು, ನಾನು ಅಲ್ಲಿಗೆ ಬಂದದ್ದು ಅಂದೇ ಮೊದಲು.

ನಗು ಇಳಿದ ಮೇಲೆ ಮಂಜುಳಾ, "ಪಾಪ ರೀ ಚಾಚಾ. ಒಬ್ಬರs ಕುಂತಿರ್ತಾರ. ಒಂದಿನ ಇಲ್ಲೇ ಕರಿಯೂಣೇನ್ರಿ?" ಎಂದಳು.

ಖಾಜಾಸಾಬ್ ತಮ್ಮ ಸ್ವಂತ ದನಿಯಲ್ಲಿ, ಮೆಲ್ಲಗೆ ಹೇಳಿದರು: "ಕರದ್ರ ಬರ್ತಾರವ್ವಾ, ಮನಶ್ಯಾ ಛಲೋ ಅದಾರ. ಆದ್ರ ಬಂದ್ರ ಕರೆಂಟ್ ಹೋಗತೈತಲ್ಲ."

ಅಷ್ಟರಲ್ಲಿ ಕರೆಂಟ್ ಬಂತು.

ಟ್ಯೂಬ್‌ಲೈಟ್ ಎರಡು ಸಲ ಕಣ್ಣು ಮಿಟುಕಿಸಿ ಹತ್ತಿತು. ಖಾಜಾಸಾಬ್ ನನ್ನನ್ನು ನೋಡಿದರು. ಮಂಜುಳಾ ಎದ್ದು ನಿಂತಳು. ಅವಳ ಬಿಕ್ಕಳಿಕೆ ಕೂಡ ನೀರು ಕುಡಿಯದೆಯೇ ನಿಂತುಹೋಯಿತು. ಆಗ ನಾನು ನಗಬಹುದಿತ್ತು. 'ಇನ್ನೊಮ್ಮೆ ಮಾಡಿ ತೋರಸ್ರಿ ಖಾಜಾಸಾಬ್' ಎನ್ನಬಹುದಿತ್ತು. ಬಾಯಿಗೆ ಬಂದದ್ದು ಸಾವ್ಕಾರನ ಮಾತು: "ಬಿ ಐವತ್ತೆರಡು ಬೆಲ್ಟು ಎಷ್ಟು ಉಳದಾವ ನೋಡಾಕ ಬಂದಿದ್ದೆ. ಈಗs ಬಂದೆ." ಕೈಯಲ್ಲಿ ಅರ್ಧ ಮಿರ್ಚಿ ಇತ್ತು. ಅದನ್ನು ಹಿಡಿದುಕೊಂಡೇ ಬೆಲ್ಟು ಎಣಿಸಿ ಕ್ಯಾಬಿನ್ನಿಗೆ ಬಂದೆ. ಸ್ವಲ್ಪ ಹೊತ್ತಿಗೆ ಮಂಜುಳಾ ತಲೆ ತಗ್ಗಿಸಿಕೊಂಡು ಪ್ಲೇಟು ತಂದಿಟ್ಟಳು, ಸ್ಪೂನಿನ ಜೊತೆ. ನನ್ನ ಅರ್ಧ ಮಿರ್ಚಿಯನ್ನೂ ಅದರ ಪಕ್ಕದಲ್ಲೇ ಇಟ್ಟೆ.

ಮರುದಿನ ಈರಣ್ಣ ಬಂದು, "ಸಾವ್ಕಾರ್ರ, ಬ್ಯಾಟ್ರ್ಯಾಗ ನೀರು ಖಾಲಿ ಆಗೇತ್ರಿ. ತಂದು ಹಾಕ್ಲೇನ್ರಿ?" ಎಂದು ಕೇಳಿದ.

"ಅವಸರ ಏನೈತಿ, ನೋಡೂಣ ಬಿಡು" ಎಂದೆ.

ಅಂದಿನಿಂದ ಇಂದಿನವರೆಗೂ ನೀರು ಹಾಕಿಸಿಲ್ಲ. ಮೊಬೈಲನ್ನು ಸಂಜೆಗೆ ಮುಂಚೆ ಬೇಕೆಂದೇ ಬಂದ್ ಮಾಡುತ್ತೇನೆ, ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟಿರುತ್ತೇನೆ. ಆದರೆ ನನ್ನ ಹಣೆಬರಹ ನೋಡಿ: ನಮ್ಮ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿಬಿಟ್ಟಿದ್ದಾರೆ. ಇಷ್ಟು ವರ್ಷ ಹೇಳದೆ ಕೇಳದೆ ಹೋಗುತ್ತಿದ್ದ ಕರೆಂಟು ಈಗ ಮಿಣುಕುವುದೂ ಇಲ್ಲ. ಅಕ್ಕಪಕ್ಕದ ಅಂಗಡಿಯವರು ಭಾಳ ಛಲೋ ಆತು ಎಂದು ಕೊಂಡಾಡುತ್ತಾರೆ, ನಾನೂ ಹೌದು ಹೌದು ಎನ್ನುತ್ತೇನೆ. ಸಂಜೆಯಾದರೆ ಗೋಡೌನಿನಿಂದ ನಗು ಬರುತ್ತದೆ, ಮುಂದೆ ಪ್ಲೇಟಿನಲ್ಲಿ ಮಿರ್ಚಿ ಆರುತ್ತಿರುತ್ತದೆ. ಎದ್ದು ಹೋದರೆ ಕರೆಂಟ್ ಹೋಗುತ್ತದೆ, ಅದು ನನಗೆ ಗೊತ್ತು. ಅದಕ್ಕೇ ಏಳದೆ, ಕುರ್ಚಿಯಲ್ಲೇ ಕುಳಿತು, ಟ್ಯೂಬ್‌ಲೈಟ್ ನೋಡುತ್ತ, ಕರೆಂಟ್ ಹೋಗಲಿ ಎಂದು ಕಾಯುತ್ತೇನೆ.