ಬಲಗಡೆಯ ಪುಟ ಓದುವ ಸೋದರಮಾವ

ಇಡೀ ಬಹ್ರೇನಿನಲ್ಲಿ ಸ್ಪ್ಯಾನಿಶ್ ಓದಬಲ್ಲ ಏಕೈಕ ಕನ್ನಡಿಗನೆಂದರೆ ನನ್ನ ಸೋದರಮಾವ. ಇದಕ್ಕೆ ಪುರಾವೆ? ಹಾಗೆಂದು ಸ್ವತಃ ಅವರೇ ಹೇಳಿದ್ದಾರೆ! ಅದಕ್ಕಿಂತ ದೊಡ್ಡ ಪುರಾವೆ ಕೇಳುವ ಧೈರ್ಯ ನಮ್ಮ ಕುಟುಂಬದಲ್ಲಿ ಯಾರಿಗೂ ಇರಲಿಲ್ಲ. ಕೇಳಿದವರ ಕಾರಿನ ಟಯರಿನಲ್ಲಿ ಗಾಳಿ ಕಡಿಮೆ ಇದೆಯೆಂದು ಆ ಕ್ಷಣವೇ ಸಾಬೀತಾಗಿಬಿಡುತ್ತಿತ್ತು.

ಟಯರಿನ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ಮಾವ ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಹಡಗಿನ ಪಂಪಿನಿಂದ ಹಿಡಿದು ಮಾಲೀಕನ ಮನೆಯ ಮಿಕ್ಸಿಯ ತನಕ ಬಿಚ್ಚಿ ಜೋಡಿಸುವುದು ಅವರ ಕೆಲಸ. ಮದುವೆಯಾಗಲಿಲ್ಲ. ಅಲ್ಲೇ ಕೆಲಸಗಾರರ ಕ್ಯಾಂಪಿನಲ್ಲಿ ವಾಸ. ಪ್ರತಿ ಶುಕ್ರವಾರ ರಿಫಾದ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದರು. ಬಂದವರು ನೆಟ್ಟಗೆ ಮೇಲೆ ಹತ್ತುತ್ತಾರೆಯೇ? ಎಲ್ಲಿಯ ಮಾತು! ಜೇಬಿನಿಂದ ಗಾಳಿ ಅಳೆಯುವ ಗೇಜು ತೆಗೆದು, ಕೆಳಗೆ ನಿಂತಿರುವ ಕಾರುಗಳನ್ನೆಲ್ಲ ಒಂದು ಸುತ್ತು ಪರೀಕ್ಷೆ ಮಾಡಿಯೇ ಮೇಲೆ ಬರಬೇಕು. ಒಮ್ಮೆ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಬಂದವರ ಹದಿನಾಲ್ಕು ಕಾರುಗಳ ಐವತ್ತಾರು ಟಯರುಗಳನ್ನು ನೋಡಿ ಮುಗಿಸಿ ಮಾವ ಒಳಗೆ ಬರುವಾಗ ಸರಿಯಾಗಿ ಮಂಗಳಾರತಿ. ಭಟ್ಟರು ತಟ್ಟೆ ಹಿಡಿದು ಎದುರಿಗೆ ಬಂದರೆ ಈ ಪುಣ್ಯಾತ್ಮರು ಆರತಿ ತೆಗೆದುಕೊಳ್ಳುತ್ತಾ, "ಭಟ್ರೇ, ನಿಮ್ಮ ಹಿಂದಿನ ಎಡಗಡೆಯದ್ದು ತೀರ ಇಳಿದಿದೆ" ಎಂದರು! ಭಟ್ಟರು ಒಂದು ಕ್ಷಣ ಸೊಂಟ ಮುಟ್ಟಿ ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವರಿಗೆ ಮಕ್ಕಳ ಪುಸ್ತಕದ ಹುಚ್ಚು ಹಿಡಿದದ್ದು ಒಂದು ರಟ್ಟಿನ ಪೆಟ್ಟಿಗೆಯಿಂದ.

ರಿಫಾದ ವಿಲ್ಲಾವೊಂದರಲ್ಲಿ ಅಮೆರಿಕದ ಕುಟುಂಬವೊಂದಿತ್ತು. ಆ ಹೆಂಗಸಿನ ಅಜ್ಜ ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದು ನೆಲೆಸಿದವರಂತೆ. ಅವರ ಹಳೆಯ ಕಾರನ್ನು ಮಾವ ರಿಪೇರಿ ಮಾಡಿಕೊಡುತ್ತಿದ್ದರು. ಅವರು ಊರಿಗೆ ಮರಳುವಾಗ ಮಕ್ಕಳ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, "ನಿಮ್ಮ ಮೊಮ್ಮಕ್ಕಳಿಗೆ" ಎಂದು ಕೊಟ್ಟರು. ಮದುವೆಯೇ ಆಗಿಲ್ಲ ಎಂದು ಹೇಳಲು ಮಾವನಿಗೆ ಸಂಕೋಚ. ಪೆಟ್ಟಿಗೆ ಹೊತ್ತು ನೇರ ನಮ್ಮ ಮನೆಗೆ ಬಂದರು.

ತೆರೆದು ನೋಡಿದರೆ ಬಣ್ಣವೋ ಬಣ್ಣ! ಎರಡು ಜಡೆಯ ಹುಡುಗಿಯರು, ಸೆರಗಿನ ಹಾಗೆ ಶಾಲು ಹೊದ್ದ ಅಜ್ಜಿಯರು, ಬೀದಿಯಲ್ಲಿ ತುತ್ತೂರಿ ಊದುವ ಗುಂಪುಗಳು. ಎಡಗಡೆಯ ಪುಟದಲ್ಲಿ ಇಂಗ್ಲಿಷ್, ಬಲಗಡೆಯ ಪುಟದಲ್ಲಿ ಸ್ಪ್ಯಾನಿಶ್. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಅಜ್ಜಿಯ ಭಾಷೆ ಮರೆಯದಿರಲೆಂದು ಹೀಗೆ ಮಾಡಿದ ಪುಸ್ತಕಗಳೆಂದು ಹಿಂಬದಿಯ ರಟ್ಟಿನ ಮೇಲಿದ್ದದ್ದನ್ನು ಓದಿ ಹೇಳಿದೆ. ಅದನ್ನು ಕೇಳಿದ್ದೇ ಮಾವನ ಕಣ್ಣು ನನ್ನ ಮಗಳ ಮೇಲೆ ಬಿತ್ತು.

ಎಂಟು ವರ್ಷದ ನನ್ನ ಮಗಳು ಕನ್ನಡ ಮಾತಾಡುತ್ತಿರಲಿಲ್ಲ. ಅರ್ಥವೆಲ್ಲ ಆಗುತ್ತಿತ್ತು, ಆದರೆ ಬಾಯಿ ತೆರೆದರೆ ಇಂಗ್ಲಿಷ್. ಫೋನ್ ಕಾರ್ಡಿನ ಅಂಕೆ ಕೆರೆದು, ಉದ್ದನೆಯ ನಂಬರು ಒತ್ತಿ, ಕಾರ್ಕಳದಲ್ಲಿರುವ ನನ್ನ ಅಮ್ಮನಿಗೆ ಫೋನು ಹಚ್ಚಿ ಕೊಟ್ಟರೆ ಇವಳದ್ದು ಮೂರೇ ಮಾತು: "ಹಾಯ್ ಅಜ್ಜಿ. ಫೈನ್ ಅಜ್ಜಿ. ಬೈ ಅಜ್ಜಿ." ನನ್ನ ಅಮ್ಮ ಬೇಸರ ನುಂಗಿಕೊಂಡು, "ಎಂತ ಮಾರಾಯ್ತಿ, ನಿನ್ನ ಮಗಳು ಫೋನಿನಲ್ಲಿ ಟೆಲಿಗ್ರಾಂ ಕೊಡುವುದಾ?" ಎನ್ನುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ಫೋನಿಟ್ಟ ಮೇಲೆ ನನಗೆ ಅಳು ಬರುತ್ತಿತ್ತು.

"ಅಕ್ಕನ ಹತ್ರ ಇವಳನ್ನು ಮಾತಾಡಿಸುವ ಜವಾಬ್ದಾರಿ ನನ್ನದು" ಎಂದರು ಮಾವ. ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಪುಸ್ತಕ ಬಿಡಿಸಿ ಬಲಗಡೆಯ ಪುಟದ ಮೇಲೆ ಬೆರಳಿಟ್ಟರು.

"ಮಾವ, ಇಂಗ್ಲಿಷ್ ಎಡಗಡೆ ಉಂಟು" ಎಂದೆ.

"ಇಂಗ್ಲಿಷ್ ಎಲ್ಲ ಜನ ಓದ್ತಾರೆ. ನಾನು ಮೂಲವನ್ನೇ ಓದುವುದು."

"ನಿಮಗೆ ಸ್ಪ್ಯಾನಿಶ್ ಯಾವಾಗ ಬಂತು?"

"ಸ್ಪೇನಿನ ಕ್ಯಾಪ್ಟನ್ ಒಬ್ಬ ಮೂರು ದಿನ ನಮ್ಮ ವರ್ಕ್‌ಶಾಪಿನಲ್ಲೇ ಇದ್ದ, ಹಡಗಿನ ಪಂಪ್ ಹಾಳಾಗಿ."

"ಮೂರು ದಿನದಲ್ಲಿ ಭಾಷೆ ಬರ್ತದಾ ಮಾವ?"

"ದೊಡ್ಡ ಪಂಪ್ ಮಾರಾಯ್ತಿ! ಬಿಚ್ಚಲಿಕ್ಕೇ ಎರಡು ದಿನ ಬೇಕಾಯ್ತು. ಅಷ್ಟು ಹೊತ್ತು ಮಾತಾಡದೆ ಇರ್ಲಿಕ್ಕೆ ಆಗ್ತದಾ?"

ನಾನು ಅಡುಗೆಮನೆಗೆ ಹೋದೆ.

ಅಲ್ಲಿಂದ ಶುರುವಾಯಿತು ನೋಡಿ ಶುಕ್ರವಾರದ ಪಾರಾಯಣ. ಬಲಗಡೆಯ ಪುಟ ನೋಡುತ್ತಾ ಮಾವ ಕನ್ನಡದಲ್ಲಿ ಹೇಳುತ್ತಾ ಹೋಗುವುದು, ನಾನು ಮಸಾಲೆ ಹುರಿಯುತ್ತಾ ಕೇಳಿಸಿಕೊಳ್ಳುವುದು. ಮೆಕ್ಸಿಕೋದವರು ಜೋಳದ ಸಿಪ್ಪೆಯಲ್ಲಿ ಹಿಟ್ಟು ಕಟ್ಟಿ ಬೇಯಿಸುವ ಚಿತ್ರ ಬಂದಾಗ ಮಾವ ಕೂತಲ್ಲಿಂದ ಎದ್ದುಬಿಟ್ಟರು. "ಮೂಡೆ! ಇದು ನಮ್ಮ ಮೂಡೆ! ಎಲೆ ಮಾತ್ರ ಬೇರೆ!" ಮಾವಿನಕಾಯಿಗೆ ಮೆಣಸಿನ ಪುಡಿ ಹಾಕಿ ತಿನ್ನುವ ಹುಡುಗ ಸಿಕ್ಕಿದ ದಿನವಂತೂ, ಮೆಕ್ಸಿಕೋದವರು ನಮ್ಮ ಸಂಬಂಧಿಕರೇ ಎಂದು ತೀರ್ಪು ಕೊಟ್ಟರು. ಕಥೆ ಮಾತ್ರ ಸ್ವಲ್ಪ ವಿಚಿತ್ರವಾಗಿ ಸಾಗುತ್ತಿತ್ತು. ಎರಡು ಜಡೆಯ ಹುಡುಗಿ ಬಂಗುಡೆ ತರಲು ಹೋಗುತ್ತಿದ್ದಳು. ಅವಳ ಅಣ್ಣ ಗುಡ್ಡೆಯಲ್ಲಿ ಗೇರುಹಣ್ಣು ಕದ್ದು ಸಿಕ್ಕಿಬೀಳುತ್ತಿದ್ದ.

"ಮಾವ, ಮೆಕ್ಸಿಕೋದಲ್ಲಿ ಬಂಗುಡೆ ಸಿಗ್ತದಾ?" ಎಂದು ಒಳಗಿನಿಂದಲೇ ಕೂಗಿದೆ.

"ಸಮುದ್ರ ಉಂಟಲ್ಲ! ಸಮುದ್ರ ಇದ್ದ ಮೇಲೆ ಬಂಗುಡೆ ಮತ್ತೆಲ್ಲಿಗೆ ಹೋಗ್ತದೆ?"

ನೀನೇ ಒಂದು ಸಲ ಪುಸ್ತಕ ತೆರೆದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಿ, ಶುಕ್ರವಾರ ಬೆಳಿಗ್ಗೆ ಪೂರ್ತಿ ಮೂರು ಗಂಟೆ ಕಾಲ ಮಕ್ಕಳನ್ನು ಬೇರೆಯವರು ಸಂಭಾಳಿಸುತ್ತಿದ್ದರೆ ಯಾವ ತಾಯಿ ತನಿಖೆಗೆ ಇಳಿಯುತ್ತಾಳೆ? ಕಟ್ಟಡದ ಉಳಿದ ಮಕ್ಕಳೂ ಬರತೊಡಗಿದ್ದರು. ಮಲಯಾಳಿ ಹುಡುಗಿಯರಿಗೂ ಹೈದರಾಬಾದಿನ ಹುಡುಗನಿಗೂ ಕಥೆ ಅರ್ಥವಾಗದ ಕಡೆ ನನ್ನ ಮಗಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಆದರೆ ಅವಳ ಬಾಯಿಂದ ಒಂದು ಕನ್ನಡದ ಮಾತೂ ಇಲ್ಲ!

ಇನ್ನೊಂದು ಕಾರಣವೂ ಇತ್ತು. ಪುಸ್ತಕದ ಪೆಟ್ಟಿಗೆಯನ್ನು ಮಾವ ತಮ್ಮ ಕಾರಿನ ಡಿಕ್ಕಿಯಲ್ಲಿ ಪಾನಾ, ಜ್ಯಾಕುಗಳ ಜೊತೆ ಬೀಗ ಹಾಕಿ ಇಡುತ್ತಿದ್ದರು. ಹೊಲಿಗೆ ಬಿಟ್ಟ ಪುಸ್ತಕಕ್ಕೆ ಎಂಜಿನ್ನಿನ ಗ್ಯಾಸ್ಕೆಟ್ಟಿಗೆ ಹಾಕುವ ಅಂಟು ಹಚ್ಚಿದ್ದರು. ಎಣ್ಣೆ ಸೋರದಂತೆ ಹಿಡಿಯುವ ಅಂಟಿಗೆ ಕಾಗದ ಯಾವ ಲೆಕ್ಕ! ಒಂದು ಪುಸ್ತಕದ ಮೊದಲ ಎಂಟು ಪುಟ ಶಾಶ್ವತವಾಗಿ ಒಂದಾಗಿಬಿಟ್ಟವು. ಮಾವ ಅಳುಕದೆ, "ಈ ಕಥೆ ನಡುವಿನಿಂದಲೇ ಶುರುವಾಗುವುದು" ಎಂದು ಶುರುಮಾಡಿದರು.

ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದೇ ಕಥೆ. ಆ ಚಿತ್ರ ಮಾತ್ರ ನಾನೂ ಇಣುಕಿ ನೋಡಿದ್ದೆ. ಮೇಜಿನ ಮೇಲೆ ಅಜ್ಜಿಯ ಫೋಟೋ, ಸುತ್ತ ಗೊಂಡೆ ಹೂವು, ಮೇಣದ ಬತ್ತಿ, ತಟ್ಟೆ ತುಂಬ ಅಡುಗೆ, ಬಣ್ಣ ಬಳಿದ ಸಕ್ಕರೆಯ ತಲೆಬುರುಡೆಗಳು. ಮಾವನ ಕಥೆಯಲ್ಲಿ ಅಜ್ಜಿ ಪೇಟೆಗೆ ಹೋಗಿದ್ದಾಳೆ. ಕೊನೆಯ ಬಸ್ಸಿಗೆ ಬರುತ್ತಾಳೆ. ಬರುವಾಗ ಹಸಿವಾಗಿರುತ್ತದೆಂದು ಮೊಮ್ಮಗಳು ಬಡಿಸಿಟ್ಟು ಕಾಯುತ್ತಿದ್ದಾಳೆ.

"ಅಜ್ಜ, ಸ್ಕಲ್?" ಎಂದು ಹೈದರಾಬಾದಿನ ಹುಡುಗ ಬೆರಳು ತೋರಿಸಿದ.

"ಸ್ಕಲ್ ಅಲ್ಲ ಬೇಟಾ, ನಾರಿಯಲ್! ತೆಂಗಿನಕಾಯಿಗೂ ಮೂರು ಕಣ್ಣು ಉಂಟಲ್ಲ? ಅಲ್ಲಿಯವರು ಬಣ್ಣ ಹಚ್ತಾರೆ."

ಒಳಗೆ ನಾನು ನಕ್ಕು ನಕ್ಕು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಇಷ್ಟು ಸುಖವಾಗಿದ್ದದ್ದಕ್ಕೆ ಕಲ್ಲು ಹಾಕಿದವರು ನನ್ನ ಗಂಡ. ಅವರಿಗೆ ಅಸ್ಕರ್ ಕಡೆ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಗೆ ಕೊಲಂಬಿಯಾದ ಎಂಜಿನಿಯರ್ ಒಬ್ಬ ಹೊಸದಾಗಿ ಬಂದಿದ್ದ. ಅವರ ದೇಶದ್ದೂ ಸ್ಪ್ಯಾನಿಶ್ ಭಾಷೆಯೇ. ಹೆಂಡತಿಗೆ ತನ್ನ ಭಾಷೆಯಲ್ಲಿ ಮಾತಾಡಲು ಜನ ಇಲ್ಲ ಎಂದು ಅವನು ಗೋಳಾಡಿದರೆ, ನನ್ನ ಗಂಡ ಎದೆಯುಬ್ಬಿಸಿ, ನಮ್ಮ ಮಾವನಿಗೆ ಸ್ಪ್ಯಾನಿಶ್ ನೀರು ಕುಡಿದ ಹಾಗೆ ಎಂದುಬಿಟ್ಟರಂತೆ! ಮುಂದಿನ ಶುಕ್ರವಾರ ಹತ್ತೂವರೆಗೆ ಆ ಹೆಂಗಸು ಕರಿದ ಬಾಳೆಕಾಯಿಯ ತಟ್ಟೆ ಹಿಡಿದು ನಮ್ಮ ಬಾಗಿಲಲ್ಲಿ ಪ್ರತ್ಯಕ್ಷ. ಮಾವ ಆಗತಾನೆ ಪುಸ್ತಕ ಬಿಡಿಸಿದ್ದರು.

ಅವಳು ಮಾವನ ಎರಡೂ ಕೈ ಹಿಡಿದುಕೊಂಡು ಸ್ಪ್ಯಾನಿಶಿನಲ್ಲಿ ಧಾರೆಯಾಗಿ ಸುರಿಸಿದಳು. ಎಷ್ಟು ತಿಂಗಳಿನಿಂದ ಕಟ್ಟಿಕೊಂಡಿದ್ದ ಮಾತೋ ಏನೋ! ಕಣ್ಣು ಬೇರೆ ತುಂಬಿಕೊಂಡಿದೆ. ಎ.ಸಿ. ಹಾಕಿದ ಕೋಣೆಯಲ್ಲಿ ಮಾವನ ಹಣೆಯಿಂದ ಬೆವರು ಇಳಿಯಿತು. ಅವರ ಬಾಯಿಂದ ಹೊರಟದ್ದು ಗಲ್ಫಿನಲ್ಲಿ ಎಲ್ಲದಕ್ಕೂ ಒದಗುವ ಒಂದೇ ಮಾತು: "ಇನ್‌ಶಾ ಅಲ್ಲಾ."

ಅವಳು ಇನ್ನೇನೋ ಕೇಳಿದಳು. "ಇನ್‌ಶಾ ಅಲ್ಲಾ, ಇನ್‌ಶಾ ಅಲ್ಲಾ."

ಕೊನೆಗೆ ಅವಳು ಬಲಗಡೆಯ ಪುಟ ತೋರಿಸಿ, ಓದಿ ಎಂದು ಸನ್ನೆ ಮಾಡಿ, ಮಕ್ಕಳ ನಡುವೆ ನೆಲದ ಮೇಲೆ ಕೂತಳು. ಅದೇ ಕಥೆ, ಅಜ್ಜಿಯ ಫೋಟೋದ್ದು. ಹತ್ತು ಮಕ್ಕಳ ಇಪ್ಪತ್ತು ಕಣ್ಣು ಮಾವನ ಮೇಲೆ. ಮಾವ ಬೆರಳನ್ನು ಬಲಗಡೆಯ ಪುಟದಿಂದ ಎಡಗಡೆಯದ್ದಕ್ಕೆ, ಮತ್ತೆ ಬಲಗಡೆಯದ್ದಕ್ಕೆ ಸರಿಸಿದರು. ಸೌಟು ಹಿಡಿದು ಬಾಗಿಲಲ್ಲಿ ನಿಂತ ನನಗೆ ಆಗ ಎಲ್ಲವೂ ಹೊಳೆಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕನ್ನಡ ಪೇಪರು ಬಿಟ್ಟರೆ ಅವರು ಬೇರೇನನ್ನೂ ಓದಿದ್ದನ್ನು ನಾನು ಕಂಡಿರಲಿಲ್ಲ. ಸ್ಪ್ಯಾನಿಶ್ ಹಾಗಿರಲಿ, ಎಡಗಡೆಯ ಪುಟವೂ ಅವರಿಗೆ ಬರುವುದಿಲ್ಲ! ಅಯ್ಯೋ ದೇವರೇ, ಈ ಮಕ್ಕಳೆದುರು ಮಾವನ ಮಾನ ಹೋಯಿತಲ್ಲ ಎಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ನನ್ನ ಮಗಳು ಮಾವನ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಕೊಲಂಬಿಯಾದವಳಿಗೆ ಇಂಗ್ಲಿಷಿನಲ್ಲಿ, ಇವತ್ತು ನನ್ನ ಸರದಿ, ಇವತ್ತು ಕನ್ನಡದಲ್ಲಿ ಮಾತ್ರ ಎಂದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

"ಒಂದು ಊರಲ್ಲಿ ಒಬ್ಳು ಅಜ್ಜಿ ಇದ್ಲು. ಅಜ್ಜಿ ಪೇಟೆಗೆ ಹೋದ್ಲು. ಬಸ್ಸು... ಬಸ್ಸು ಲೇಟ್ ಆಯ್ತು. ಹುಡುಗಿ ಅನ್ನ ಮಾಡಿದ್ಲು, ಬಂಗುಡೆ ಮಾಡಿದ್ಲು, ತೆಂಗಿನಕಾಯಿಗೆ ಪೇಂಟ್ ಮಾಡಿದ್ಲು..."

ತಡವರಿಸುತ್ತಾ, ಕೆಂಪಾಗುತ್ತಾ, ಮಾವನ ಹಾಗೆಯೇ ಬೆರಳಿಟ್ಟು, ಕೊನೆಯ ಪುಟದ ತನಕ ಹೇಳಿದಳು. ಎಂಟು ವರ್ಷ ಬಾಯಿಗೆ ಬಾರದ ಕನ್ನಡ! ಕೊಲಂಬಿಯಾದವಳಿಗೆ ಒಂದಕ್ಷರ ತಿಳಿಯದಿದ್ದರೂ ಚಿತ್ರ ನೋಡುತ್ತಾ ಕಣ್ಣೊರೆಸಿಕೊಂಡಳು. ಹೊರಡುವಾಗ ಮಾವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಮಾವ ಆ ದಿನ ಊಟವನ್ನೂ ಮಾಡದೆ, ಗೇಜನ್ನು ನಮ್ಮ ಮನೆಯಲ್ಲೇ ಮರೆತು ಓಡಿದರು!

ತಟ್ಟೆ ತೊಳೆಯುತ್ತಾ ಮಗಳನ್ನು ಕೇಳಿದೆ, "ಅಜ್ಜನಿಗೆ ಆ ಪುಸ್ತಕ ಓದ್ಲಿಕ್ಕೆ ಬರುವುದಿಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಫಸ್ಟ್ ಡೇಯೇ ಗೊತ್ತಾಯ್ತು. ನಾನು ಈ ಕಡೆ ಇಂಗ್ಲಿಷ್ ಓದ್ತಿದ್ದೆ ಅಲ್ವಾ?"

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಅಜ್ಜ ಸ್ಟೋರಿ ಸ್ಟಾಪ್ ಮಾಡ್ತಿದ್ರು. ಇವತ್ತು ಇಂಗ್ಲಿಷಲ್ಲಿ ಹೇಳಿದ್ರೆ ಆ ಆಂಟಿಗೆ ಗೊತ್ತಾಗ್ತಿತ್ತು, ಬುಕ್ಕಲ್ಲಿ ಹಾಗೆ ಇಲ್ಲ ಅಂತ. ಅದಕ್ಕೇ ಕನ್ನಡ." ಒಂದು ತಟ್ಟೆ ಒರೆಸಿಟ್ಟು ಮೆಲ್ಲಗೆ ಹೇಳಿದಳು: "ಅಮ್ಮಾ, ಬುಕ್ಕಲ್ಲಿ ಅಜ್ಜಿ ಸತ್ತು ಹೋಗಿದ್ದಾರೆ. ಅಜ್ಜ ಓದುವಾಗ ಮಾತ್ರ ಬಸ್ಸಲ್ಲಿ ಬರ್ತಾರೆ."

ಮಾವ ಬಿಟ್ಟುಹೋಗಿದ್ದ ಪುಸ್ತಕವನ್ನು ಮೊದಲ ಬಾರಿಗೆ ತೆರೆದು ಎಡಗಡೆಯ ಪುಟ ಓದಿದೆ. ನಿಜ. ವರ್ಷಕ್ಕೊಮ್ಮೆ ತೀರಿಕೊಂಡವರಿಗೆ ಬಡಿಸಿಡುವ ದಿನದ ಕಥೆ ಅದು. ನಮ್ಮಲ್ಲಿಯೂ ಎಲೆ ಹಾಕಿ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುವ ದಿನ ಒಂದಿದೆಯಲ್ಲ, ಹಾಗೆಯೇ. ಆ ಭಾಷೆ ಓದಲು ಬಾರದಿದ್ದರೇನು? ಫೋಟೋದ ಸುತ್ತ ಹೂವು ಕಂಡರೆ ಏನರ್ಥ ಎಂದು ತಿಳಿಯದ ಮನುಷ್ಯ ನಮ್ಮ ಕಡೆ ಇದ್ದಾನೆಯೇ? ಮಾವನಿಗೆ ಗೊತ್ತಿತ್ತು. ಗೊತ್ತಿದ್ದೇ ತಲೆಬುರುಡೆಯನ್ನು ತೆಂಗಿನಕಾಯಿ ಮಾಡಿದ್ದರು.

ಮಾವ ಬಹ್ರೇನಿಗೆ ಬಂದ ಎರಡನೆಯ ವರ್ಷ ಅವರ ತಾಯಿ ತೀರಿಕೊಂಡರು. ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ಕೊನೆಯ ದಿನಗಳಲ್ಲಿ ಆಕೆ ಪ್ರತಿ ಸಂಜೆ ಮಗನಿಗೆಂದು ಒಂದು ತಟ್ಟೆ ಮುಚ್ಚಿಡಿಸಿ, "ಕೊನೆಯ ಬಸ್ಸು ಬಂತಾ?" ಎಂದು ಕೇಳುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ನನ್ನ ಅಮ್ಮ. ಅಂದಿನಿಂದ ಮಾವ ಮನೆಯಲ್ಲಿ ತೀರಿಕೊಂಡವರಿಗೆ ಬಡಿಸುವ ದಿನಕ್ಕೆ ಒಂದು ವರ್ಷವೂ ಊರಿಗೆ ಹೋದವರಲ್ಲ. ಏನೋ ಹುಚ್ಚಾಟ ಎಂದು ನಾವೆಲ್ಲ ನಗುತ್ತಿದ್ದೆವು. ನನಗೆ ಆ ಸಂಜೆ ನಗು ಬರಲಿಲ್ಲ.

ಕಾರ್ಡು ಕೆರೆದು ಕಾರ್ಕಳಕ್ಕೆ ಫೋನು ಹಚ್ಚಿದೆ. ಮಗಳು ತಾನಾಗಿಯೇ ಕೈಚಾಚಿ ತೆಗೆದುಕೊಂಡಳು. "ಅಜ್ಜಿ, ಒಂದು ಕಥೆ ಹೇಳ್ತೇನೆ, ಆಯ್ತಾ?" ಎಂದು ಇಡೀ ಕಥೆ ಹೇಳಿದಳು, ಬಂಗುಡೆ ಸಮೇತ. ನಾನೂ ರಿಸೀವರಿಗೆ ಕಿವಿಯಿಟ್ಟೆ. ಅಮ್ಮನ ದನಿ ಒದ್ದೆಯಾಗಿತ್ತು.

"ಕೊನೆಗೆ ಆ ಅಜ್ಜಿ ಬಂದಳಾ ಮಗಾ? ಊಟ ಮಾಡಿದಳಾ?"

"ಬಂದ್ಲು ಅಜ್ಜಿ" ಎಂದಳು ನನ್ನ ಮಗಳು. "ಎರಡು ಸಲ ಬಡಿಸಿಕೊಂಡ್ಲು."